ಹೊಗೆಯಿಲ್ಲದ ರೈಲಿಗೆ ಹೊಗೆ ಯಾಕೆ?

ಕುಮಟಾದ ಗೆಳೆಯರಿಗೆ ನಮಸ್ಕಾರ.

ನೀವು ಕಳಿಸಿದ ‘ಹಳಿಯ ಪಕ್ಕ ಒಂದು ಭಾನುವಾರ’ ಓದಿದೆ. ಜೊತೆಗಿದ್ದ ಫೋಟೋಗಳನ್ನೂ ನೋಡಿದೆ. ಸಿಟ್ಟು ಬಂತು. ಕೆಟ್ಟ ಲೇಖನಗಳು ನಮಗೆ ಬೇಕಾದಷ್ಟು ಬರುತ್ತವೆ. ಅವುಗಳ ಮೇಲೆಲ್ಲ ಸಿಟ್ಟು ಮಾಡಿಕೊಳ್ಳುವಷ್ಟು ಪುರುಸೊತ್ತು ನನಗಿಲ್ಲ. ‘ಪ್ರಕಟಿಸಲಾಗುತ್ತಿಲ್ಲ, ವಿಷಾದವಿದೆ’ ಎಂದು ಒಂದು ಸಾಲು ಬರೆದು ಕಳಿಸಿಬಿಡುತ್ತೇನೆ. ನಿಮ್ಮದನ್ನು ಹಾಗೆ ಕಳಿಸಲು ಮನಸ್ಸು ಬರಲಿಲ್ಲ. ನಿಮ್ಮ ಹೆಸರು ಹಾಕದೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಇದೇ ಥರ ಬರೆಯುವ ಇನ್ನೂ ಕೆಲವರು ಓದಲಿ ಅಂತ.

ಉಳಿದ ಓದುಗರಿಗೆ ವಿಷಯ ಗೊತ್ತಿರಲಿ. ಇವರು ಕುಮಟಾದ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತಾರೆ. ರಜೆ ಬಂದರೆ ಕ್ಯಾಮೆರಾ ಹಿಡಿದು ರೈಲು ನೋಡಲು ಹೊರಡುತ್ತಾರೆ. ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹೊನ್ನಾವರಕ್ಕೆ ಹೋಗಿ ಶರಾವತಿ ಸೇತುವೆಯ ಮೇಲೆ ಹೋಗುವ ರೈಲುಗಳ ಫೋಟೋ ತೆಗೆದರು. ಮಧ್ಯಾಹ್ನ ಮನೆಗೆ ಬಂದು ಉಂಡರು. ಸಂಜೆ ಮಿರ್ಜಾನ ಕಡೆ ಅಘನಾಶಿನಿ ದಡದಲ್ಲಿ ಮಳೆಯಲ್ಲೇ ನಿಂತು ಮುಂಬೈಗೆ ಹೋಗುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನ ಫೋಟೋ ತೆಗೆದು ಮನೆಗೆ ಮರಳಿದರು. ಲೇಖನ ಇಷ್ಟರ ಬಗ್ಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕಾಗುಣಿತ ತಪ್ಪಿಲ್ಲ. ಶರಾವತಿ ಸೇತುವೆ 2,065 ಮೀಟರ್ ಉದ್ದವಿದೆ, ಕೊಂಕಣ ರೈಲ್ವೆಯಲ್ಲಿ ಅದಕ್ಕಿಂತ ಉದ್ದದ ಸೇತುವೆ ಇಲ್ಲ ಎಂದು ಸರಿಯಾಗಿ ಬರೆದಿದ್ದೀರಿ. ಫೋಟೋಗಳು ನಿಜಕ್ಕೂ ಚೆನ್ನಾಗಿವೆ. ಹೊಗಳಿಕೆ ಇಷ್ಟು ಸಾಕು, ಅಲ್ವಾ?

ಈಗ ನಿಮ್ಮ ನಾಲ್ಕನೇ ಪುಟ. ಆ ವಾಕ್ಯವನ್ನು ಹಾಗೇ ಇಲ್ಲಿ ಇಳಿಸುತ್ತೇನೆ: ‘ಕರಿ ಹೊಗೆ ಉಗುಳುತ್ತಾ, ಚುಕುಬುಕು ಸದ್ದು ಮಾಡುತ್ತಾ, ದೈತ್ಯ ಉಕ್ಕಿನ ಸರ್ಪವೊಂದು ಮಿಂಚಿನ ವೇಗದಲ್ಲಿ ನನ್ನತ್ತ ನುಗ್ಗಿ ಬಂತು.’

ಒಂದೇ ವಾಕ್ಯದಲ್ಲಿ ನಾಲ್ಕು ಸುಳ್ಳು. ಒಂದೊಂದಾಗಿ ನೋಡೋಣ.

ಕರಿ ಹೊಗೆ. ನಿಮ್ಮದೇ ಏಳನೇ ಫೋಟೋ ತೆಗೆದು ನೋಡಿ. ಎಂಜಿನ್ನಿನ ನೆತ್ತಿಯ ಮೇಲೆ ಕರೆಂಟು ಎಳೆದುಕೊಳ್ಳುವ ಪ್ಯಾಂಟೋಗ್ರಾಫ್ ಎದ್ದು ನಿಂತು ತಂತಿ ಮುಟ್ಟಿದೆ. ಹಣೆಯ ಮೇಲೆ ವ್ಯಾಪ್-7 ಎಂದು ಬರೆದಿದೆ. ಅದು ಕರೆಂಟಿನ ಎಂಜಿನ್ ಮಾರಾಯ್ರೇ. ಕೊಂಕಣ ರೈಲ್ವೆಯ ಇಡೀ ದಾರಿಗೆ ವಿದ್ಯುತ್ ತಂತಿ ಎಳೆದು ಮುಗಿದದ್ದು 2022ರಲ್ಲಿ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನೇ ಪುಟದಲ್ಲಿ ‘ಈ ಕಂಬಗಳು ಬಂದ ಮೇಲೆ ಒಳ್ಳೆಯ ಫ್ರೇಮ್ ಸಿಗುವುದೇ ಕಷ್ಟ’ ಎಂದು ನೀವೇ ಗೊಣಗಿದ್ದೀರಿ. ಆ ಗೊಣಗಾಟ ನನಗೆ ಇಷ್ಟವಾಯಿತು, ಅದು ನಿಮ್ಮದು. ಕಂಬದ ಮೇಲೆ ಸಿಟ್ಟಾದವರೇ ಎರಡು ಪುಟ ದಾಟುವುದರಲ್ಲಿ ಅದೇ ಕಂಬದ ಕೆಳಗೆ ಹೋಗುವ ಎಂಜಿನ್ನಿಗೆ ಹೊಗೆ ಹಚ್ಚಿದಿರಲ್ಲ!

ಚುಕುಬುಕು. ನಿಮ್ಮೂರಿನ ಹಳಿ ಈ ಸದ್ದನ್ನು ಎಂದೂ ಕೇಳಿಲ್ಲ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರ ಜನವರಿ 26ಕ್ಕೆ. ಅಷ್ಟರಲ್ಲಿ ದೇಶದ ಮುಖ್ಯ ದಾರಿಗಳಿಂದ ಉಗಿಬಂಡಿಗಳೇ ಮನೆಗೆ ಹೋಗಿದ್ದವು. ಇಲ್ಲಿ ಮೊದಲ ದಿನದಿಂದಲೂ ಡೀಸೆಲ್. ಚುಕುಬುಕು ಬೇಕಿದ್ದರೆ ನಮ್ಮ ಘಟ್ಟದ ಮೇಲಿನ ಹಿರಿಯರನ್ನು ಕೇಳಿ. ತಾಳಗುಪ್ಪದ ಹಳೆಯ ಮೀಟರ್ ಗೇಜ್ ಹಳಿಯನ್ನು ಕಂಡವರು ಬೇಕಾದರೆ ಹೇಳಲಿ, ಅವರಿಗೆ ಹಕ್ಕಿದೆ. (ಶಿರಸಿಯಲ್ಲಿ ಕೂತ ನನಗೆ ರೈಲಿನ ವಿಷಯದಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ನೀವು ತಿಳಿದರೂ ತಪ್ಪಿಲ್ಲ. ನಾವು ಇವತ್ತಿಗೂ ರೈಲು ಹತ್ತಬೇಕಾದರೆ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು, ಇಲ್ಲವೇ ತಾಳಗುಪ್ಪಕ್ಕೋ ಹಾವೇರಿಗೋ ಹೋಗಬೇಕು. ಹುಬ್ಬಳ್ಳಿ–ಅಂಕೋಲಾ ಹಳಿಯ ಮಾತು ನಿಮ್ಮಂಥವರು ಹುಟ್ಟಿದಾಗಿನಿಂದ ನಡೆಯುತ್ತಲೇ ಇದೆ.)

ಕರೆಂಟಿನ ರೈಲು ಬರುವಾಗ ಹೆಚ್ಚು ಸದ್ದೇ ಇರುವುದಿಲ್ಲ. ಹಳಿ ದಾಟುವ ಜನ, ದನ ಎರಡಕ್ಕೂ ಅದೇ ಅಪಾಯ. ಮೊದಲು ಹಳಿ ಸಣ್ಣಗೆ ಗುಂಯ್‌ಗುಡುತ್ತದೆ. ಆಮೇಲೆ ಹಾರ್ನ್. ಎಂಜಿನ್ ಹತ್ತಿರ ಬಂದ ಮೇಲೆ ಒಳಗಿನ ಬ್ಲೋವರ್‌ಗಳ ಗಾಳಿಯ ಸದ್ದು. ಸೇತುವೆಗೆ ಹತ್ತಿದ ಕೂಡಲೇ ಚಕ್ರದ ದನಿಯೇ ಬದಲಾಗುತ್ತದೆ. ಇದು ನನಗೆ ಗೊತ್ತಿದ್ದಷ್ಟು. ನಿಮಗೆ ಇದರ ಹತ್ತು ಪಟ್ಟು ಗೊತ್ತಿರಬೇಕು. ಅದನ್ನು ಬಿಟ್ಟು ಶಿಶುವಿಹಾರದ ಸದ್ದು ಯಾಕೆ ತಂದಿರಿ?

ಉಕ್ಕಿನ ಸರ್ಪ. ಹೌದು, ಎಲ್ಲರೂ ಬರೆಯುತ್ತಾರೆ. ರೈಲಿನ ಲೇಖನ ಬಂದರೆ ಹಾವು ಹಿಂದೆಯೇ ಬರುತ್ತದೆ. ಆದರೆ ರೈಲು ಹಾವಿನಂತೆ ಕಾಣುವುದು ಗುಡ್ಡದ ಮೇಲೆ ಕೂತವನಿಗೆ. ನೀವು ನಿಂತದ್ದು ಹಳಿಯ ಮಟ್ಟದಲ್ಲಿ, ಕೊಡೆ ಹೆಗಲಿಗೆ ಒರಗಿಸಿಕೊಂಡು. ಅಲ್ಲಿಂದ ಕಾಣುವುದು ಎಂಜಿನ್ನಿನ ಮುಖ, ಅದರ ಹಿಂದೆ ಒಂದೂವರೆ ಡಬ್ಬಿ. ಬಾಲ ಎಲ್ಲಿ ಕಂಡಿತು ನಿಮಗೆ? ನಿಮ್ಮ ಫೋಟೋದಲ್ಲಂತೂ ಇಲ್ಲ.

ಇನ್ನು ಮಿಂಚಿನ ವೇಗ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು. ಕೊಂಕಣ ದಾರಿಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇದೆ. ಗುಡ್ಡ ಜರಿಯುವ ಭಯಕ್ಕೆ ರೈಲುಗಳು ನಿಧಾನ ಓಡುತ್ತವೆ. ಜೋರು ಮಳೆ ಬಂದು ಮುಂದೆ ಕಾಣದಂತಾದರೆ ಗಂಟೆಗೆ 40 ಕಿಲೋಮೀಟರ್‌ಗೆ ಇಳಿಸಬೇಕು ಎಂದು ಲೋಕೋ ಪೈಲಟ್‌ಗಳಿಗೆ ಸೂಚನೆಯೇ ಇರುತ್ತದೆ. ನೀವೇ ಬರೆದಂತೆ ಆ ಸಂಜೆ ‘ಎದುರಿನ ತೆಂಗಿನ ಮರ ಕಾಣದಷ್ಟು’ ಮಳೆ. ಫೋಟೋದ ಕೆಳಗೆ ಕ್ಯಾಮೆರಾ ಸೆಟ್ಟಿಂಗ್ ಕೊಟ್ಟಿದ್ದೀರಿ, ಶಟರ್ 1/200 ಸೆಕೆಂಡ್. ಓಡುವ ರೈಲಿಗೆ ಅದು ನಿಧಾನದ ಶಟರ್. ಆದರೂ ಎಂಜಿನ್ನಿನ ಪಕ್ಕೆಯ ಮೇಲೆ ಬರೆದ, ಅದು ಸೇರಿದ ಲೋಕೋ ಶೆಡ್ಡಿನ ಹೆಸರು ಓದಲು ಬರುತ್ತದೆ. ಮಿಂಚಿನಂತೆ ಬಂದಿದ್ದರೆ ಅಕ್ಷರಗಳು ಕಲಸಿಹೋಗಿರಬೇಕಿತ್ತು. ರೈಲು ಹುಷಾರಾಗಿ, ಹೆಜ್ಜೆ ನೋಡಿ ಇಡುವ ಬಸುರಿಯಂತೆ ಬಂದಿದೆ. ಅದು ಎಷ್ಟು ಒಳ್ಳೆಯ ದೃಶ್ಯ! ಸುಮಾರು ಸಾವಿರ ಟನ್ ಭಾರದ ಒಂದು ರೈಲು ಮಳೆಗೆ ಹೆದರಿ ನಿಧಾನ ಮಾಡಿದೆ. ನೀವು ಅದನ್ನು ನೋಡಿದ್ದೀರಿ. ಫೋಟೋದಲ್ಲಿ ಹಿಡಿದಿದ್ದೀರಿ. ಬರೆಯಲು ಕೂತಾಗ ಮಾತ್ರ ಯಾರದೋ ಲೇಖನದ ರೈಲು ಎರವಲು ತಂದಿರಿ.

ನಾನು ಈ ಕಸುಬು ಕಲಿತದ್ದು ಶಿರಸಿಯ ಒಂದು ಚಿಕ್ಕ ಪ್ರೆಸ್ಸಿನಲ್ಲಿ. ಆಗ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕಾಲ. ಅಚ್ಚು ಹಾಕಲು ಟ್ರೆಡಲ್ ಮಷೀನು. ಮದುವೆ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇವುಗಳ ಮಧ್ಯೆ ಒಂದು ವಾರಪತ್ರಿಕೆಯೂ ಅಲ್ಲೇ ಅಚ್ಚಾಗುತ್ತಿತ್ತು. ಊರೂರಿನ ವರದಿಗಾರರು ಕೈಯಲ್ಲಿ ಬರೆದು ಬಸ್ಸಿಗೆ ಕೊಟ್ಟು ಕಳಿಸಿದ ಕಾಪಿಯನ್ನು ಮೊಳೆ ಜೋಡಿಸುವ ಕಂಪೋಸಿಟರ್‌ಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಆ ಕಂಪೋಸಿಟರ್‌ಗೆ ವಯಸ್ಸಾಗಿತ್ತು, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದರು. ಕೇಸಿನ ಯಾವ ಖಾನೆಯಲ್ಲಿ ಯಾವ ಮೊಳೆ ಇದೆ ಎಂದು ನೋಡದೆಯೇ ಕೈ ಹೋಗುತ್ತಿತ್ತು. ಕನ್ನಡದಲ್ಲಿ ಮೊಳೆ ಜೋಡಿಸುವುದು ಸುಲಭವಲ್ಲ. ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಚೂರುಗಳು. ಒತ್ತಕ್ಷರದ ದೊಡ್ಡ ದೊಡ್ಡ ಪದ ಬಂದರೆ ಅವರ ಕೈ ನಿಲ್ಲುತ್ತಿತ್ತು.

ಒಮ್ಮೆ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸು ನಿಂತ ಸುದ್ದಿ ಬಂದಿತ್ತು. ‘ರುದ್ರಭೀಕರ ದೃಶ್ಯ ಕಂಡು ಪ್ರಯಾಣಿಕರು ದಿಗ್ಭ್ರಾಂತರಾಗಿ ಆಕ್ರಂದನ ಮಾಡಿದರು’ ಎಂದು ನಾನು ಓದಿದೆ. ಅವರು ಮೊಳೆ ಜೋಡಿಸುವ ಸ್ಟಿಕ್ಕನ್ನು ಕೆಳಗಿಟ್ಟರು.

“ತಮಾ, ಆ ಬಸ್ಸಲ್ಲಿ ನಾನೇ ಇದ್ದೆ. ಯಾರೂ ಅಳಲಿಲ್ಲ. ಕಂಡಕ್ಟರ್ ಚಿಲ್ಲರೆ ಎಣಿಸ್ತಾ ಕೂತಿದ್ದ. ಹಿಂದಿನ ಸೀಟಿನ ಹೆಂಗಸು ಹಲಸಿನ ಹಪ್ಪಳ ಹಂಚಿದಳು. ಇಷ್ಟು ಒತ್ತು ನಾನು ಜೋಡಿಸೂದಿಲ್ಲ. ಹಪ್ಪಳ ಬರಿ, ಜೋಡಿಸ್ತೆ.”

ಮಾಲೀಕರು ಬಂದು ಬೈದರೂ ಅವರು ಜಗ್ಗಲಿಲ್ಲ. ಕೊನೆಗೆ ವರದಿ ಹಪ್ಪಳದ ಜೊತೆಗೇ ಅಚ್ಚಾಯಿತು. ಆ ವಾರ ಅಂಗಡಿಗಳಲ್ಲಿ ಜನ ಮಾತಾಡಿಕೊಂಡದ್ದು ಅದನ್ನೇ. ಈಗ ಕಂಪ್ಯೂಟರಿಗೆ ಯಾವ ಒತ್ತೂ ಭಾರವಲ್ಲ. ‘ದೈತ್ಯ’ ಎಂದು ಒತ್ತಿದರೂ ಅಷ್ಟೇ, ‘ದೊಡ್ಡ’ ಎಂದರೂ ಅಷ್ಟೇ. ‘ಇದನ್ನು ನೀನು ನೋಡಿದೆಯಾ’ ಎಂದು ಕೇಳುವ ಜನ ನಮ್ಮ ಕೋಣೆಗಳಲ್ಲಿ ಉಳಿದಿಲ್ಲ. ಹಾಗಾಗಿ ನಾನು ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡನೇ ತಕರಾರು ನಿಮ್ಮ ಮನೆಯದು.

‘ನಿತ್ಯಕರ್ಮ ಮುಗಿಸಿ, ತಿಂಡಿ ಮುಗಿಸಿ ಹೊರಟೆ.’ ‘ಮನೆಗೆ ಬಂದು ಭಾನುವಾರದ ಮೀನೂಟ ಮುಗಿಸಿ, ಎಂದಿನ ಕೆಲಸಗಳನ್ನು ಮುಗಿಸಿ ಮತ್ತೆ ಹೊರಟೆ.’ ‘ರಾತ್ರಿ ಊಟ ಮುಗಿಸಿ ಮಲಗಿದೆ.’ ಎಲ್ಲವನ್ನೂ ಮುಗಿಸಿಯೇ ಬಿಟ್ಟಿರಿ. ಆರು ಪುಟದ ಲೇಖನದಲ್ಲಿ ನಿಮ್ಮ ಮನೆಗೆ ಸಿಕ್ಕ ಜಾಗ ಈ ಮೂರು ಸಾಲು. ತಿಂಡಿ ಯಾರು ಮಾಡಿದರು? ಭಾನುವಾರ ಬೆಳಕು ಹರಿಯುವ ಮೊದಲೇ ಗಂಡ ರೈಲು ನೋಡಲು ಹೊರಟರೆ ಮನೆಯಲ್ಲಿ ಏನೂ ಮಾತು ಬರುವುದಿಲ್ಲವಾ? ಮೀನೂಟ ಅಂದಿರಿ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾದರೆ ಆ ದಿನ ಬಟ್ಟಲಿನಲ್ಲಿದ್ದದ್ದು ಒಣಮೀನೋ, ಅಘನಾಶಿನಿಯ ಹೊಳೆಮೀನೋ? ನಾನು ಮೀನು ತಿನ್ನುವವನಲ್ಲ. ಆದರೂ ನನಗೆ ಗೊತ್ತಾಗಬೇಕು.

ತಮಾಷೆ ಏನು ಗೊತ್ತಾ? ನೀವು ಲೇಖನದಲ್ಲಿ ಬಿಟ್ಟದ್ದೆಲ್ಲ ಅದರ ಜೊತೆ ಕಳಿಸಿದ ವಾಟ್ಸಾಪ್ ಸಂದೇಶದಲ್ಲಿದೆ. ಲೇಖನ ತಡವಾದ್ದಕ್ಕೆ ಕಾರಣ ಹೇಳುತ್ತಾ ಬರೆದಿದ್ದೀರಿ: ಕರಾವಳಿಯ ಮಳೆಗಾಲಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ನೆಂದ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಿರಿ. ಬೆಳಿಗ್ಗೆ ಅಕ್ಕಿ ತೆಗೆಯಲು ಹೋದ ನಿಮ್ಮ ಹೆಂಡತಿಯ ಕೈಗೆ ಲೆನ್ಸು ಸಿಕ್ಕಿತು. ಎರಡು ದಿನ ಮಾತಿಲ್ಲ. ಮೂರನೇ ದಿನ ಅವರೇ ಅಕ್ಕಿಗೆ ಬೇರೆ ಡಬ್ಬಿ ತಂದರು, ಹಳೆಯ ಡಬ್ಬಿ ಕ್ಯಾಮೆರಾಕ್ಕಾಯಿತು. ಇನ್ನೊಂದು ಕಡೆ, ಡೀಸೆಲ್ ಎಂಜಿನ್ ಇದ್ದಾಗ ನಿಮ್ಮ ಅಮ್ಮ ಅಡುಗೆಮನೆಯಲ್ಲಿ ಕೂತೇ ‘ಮತ್ಸ್ಯಗಂಧಾ ಬಂತು, ಒಲೆ ಮೇಲೆ ಚಾ ಇಡು’ ಎನ್ನುತ್ತಿದ್ದರಂತೆ. ಈಗ ಗಡಗಡ ಸದ್ದು ಕೇಳದೆ ಚಾದ ಹೊತ್ತು ತಪ್ಪುತ್ತದಂತೆ.

ಇದನ್ನು ನೀವು ನನಗೆ ನೆಪ ಹೇಳಲು ಬಳಸಿದಿರಿ! ಒಂದು ದಾರಿಗೆ ಕರೆಂಟು ಬಂದದ್ದರಿಂದ ಒಂದು ಮನೆಯ ಚಾದ ಹೊತ್ತು ಬದಲಾಯಿತು ಎಂಬುದು ನನಗಂತೂ ಎಲ್ಲೂ ಓದಲು ಸಿಕ್ಕಿರಲಿಲ್ಲ. ನಿಮ್ಮ ಹೊಗೆ, ಸರ್ಪ ಎಲ್ಲ ಆ ಒಂದು ಮಾತಿನ ಎದುರು ನಿಲ್ಲುವುದಿಲ್ಲ. ಲೇಖನ ಬರೆಯುವಾಗ ಅಂಗಿ ಇಸ್ತ್ರಿ ಮಾಡಿ ಕೂತಿರಿ. ಸಂದೇಶ ಬರೆಯುವಾಗ ನೀವು ನೀವಾಗಿದ್ದಿರಿ.

ಇನ್ನೊಂದು ಸಣ್ಣ ವಿಷಯ, ಆದರೆ ಬಿಡಲಾರೆ. ‘ನಂತರ ಒಂದು ರೋರೋ ಹೋಯಿತು’ ಎಂದು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ಲಾರಿಗಳನ್ನೇ ಹೊತ್ತು ಓಡುವ ಈ ರೈಲು 1999ರಿಂದ ಇದೆ, ನಿಮಗೆ ಹಳತಾಗಿರಬಹುದು. ಘಟ್ಟದ ಮೇಲಿನ ನಮಗೆ ಅದು ಇವತ್ತಿಗೂ ಸೋಜಿಗ. ಒಂಬತ್ತನೇ ಫೋಟೋದಲ್ಲಿ ಒಬ್ಬ ಚಾಲಕ ತನ್ನದೇ ಲಾರಿಯ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಾನೆ. ಬಾಗಿಲಿಗೆ ಒದ್ದೆ ಲುಂಗಿ ಹಾಕಿದ್ದಾನೆ. ಸ್ಟೇರಿಂಗ್ ಮುಟ್ಟುವ ಕೆಲಸವಿಲ್ಲ, ಲಾರಿ ಮಾತ್ರ ಹೋಗುತ್ತಿದೆ. ನಿಮ್ಮನ್ನು ನೋಡಿ ನಗುತ್ತಿದ್ದಾನೆ. ಇಂಥವನನ್ನು ಹೇಗೆ ಬಿಟ್ಟಿರಿ?

ಇನ್ನು ವ್ಯವಹಾರದ ಮಾತು. ಲೇಖನವನ್ನು ಈಗಿರುವಂತೆ ಹಾಕುವುದಿಲ್ಲ. ಪೂರ್ತಿ ಬಿಟ್ಟು ಹೊಸದಾಗಿ ಬರೆಯಿರಿ, ಮೂರು ಪುಟ ಮೀರದಿರಲಿ. ಬೆಳಿಗ್ಗೆಯ ಹೊನ್ನಾವರವನ್ನು ಬೇಕಾದರೆ ಬಿಟ್ಟುಬಿಡಿ, ಅಲ್ಲಿ ನಿಮಗೆ ಏನೂ ಆಗಿಲ್ಲ. ಅಕ್ಕಿ ಡಬ್ಬಿಯ ಸಂಗತಿ ಬರೆಯುವ ಮೊದಲು ಮನೆಯವರನ್ನು ಕೇಳಿ. ಅವರು ಬೇಡ ಅಂದರೆ ನನಗೂ ಬೇಡ.

ನಾಲ್ಕನೇ ಫೋಟೋವನ್ನು ನೀವು ಎರಡು ಹಳಿಗಳ ನಡುವೆ ನಿಂತು ತೆಗೆದಿದ್ದೀರಿ. ಅದನ್ನು ಹಾಕುವುದಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲಿದೆ. ಅದಕ್ಕಿಂತ ಮುಖ್ಯವಾಗಿ, ಸದ್ದಿಲ್ಲದ ಎಂಜಿನ್ ಬಗ್ಗೆ ಮೇಲೆ ಹೇಳಿದ್ದೇನೆ. ನಮ್ಮ ಪತ್ರಿಕೆ ನೋಡಿ ಇನ್ನೊಬ್ಬ ಹುಡುಗ ಅಲ್ಲಿ ಹೋಗಿ ನಿಲ್ಲುವುದು ಬೇಡ.

ಏಳು ಮತ್ತು ಒಂಬತ್ತನೇ ಫೋಟೋಗಳನ್ನು ಇಮೇಲಿನಲ್ಲಿ ಕಳಿಸಿ. ವಾಟ್ಸಾಪಿನಲ್ಲಿ ಬಂದದ್ದು ಅಚ್ಚಿಗೆ ಸಾಲುವುದಿಲ್ಲ. ಒಂಬತ್ತನೆಯದನ್ನು ದೊಡ್ಡದು ಮಾಡಿ ನೋಡಿ, ಆ ಲಾರಿ ಯಾವ ರಾಜ್ಯದ ನಂಬರಿನದು ಎಂದು ತಿಳಿಸಿ. ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ.