ಹಿಂದಿನ ಭಾಗಗಳನ್ನು ನೋಡದೆ ‘ಎಂಡ್‌ಗೇಮ್’ಗೆ ಹೋಗಬಹುದೇ?

ಮಾರ್ವೆಲ್‌ನ ಸೂಪರ್‌ಹೀರೊ ಸರಣಿಯ ಹಿಂದಿನ 21 ಚಿತ್ರಗಳನ್ನು ನೋಡದೆ, ಎಂಟು ವರ್ಷದ ಮಗನೊಂದಿಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಲು ಬರಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ನಾನು ನೋಡಿದ್ದೂ ಮೂರೇ. ಆದರೆ 2018ರ ‘ಇನ್ಫಿನಿಟಿ ವಾರ್’ ಒಂದನ್ನು ಮನೆಯಲ್ಲಿ ನೋಡಿಕೊಳ್ಳಿ. ಅದರಲ್ಲಿ ಖಳನಾಯಕ ಥಾನೋಸ್ ಚಿಟಿಕೆ ಹೊಡೆದು ಅರ್ಧ ಜೀವರಾಶಿಯನ್ನೇ ಅಳಿಸಿದ್ದು ತಿಳಿಯದಿದ್ದರೆ, ಇಲ್ಲಿ ಎಲ್ಲರೂ ಸೂತಕದ ಮನೆಯವರಂತೆ ಕುಳಿತಿರುವುದೇಕೆಂದು ಅರ್ಥವಾಗುವುದಿಲ್ಲ. ಮೊದಲ ಒಂದು ಗಂಟೆ ಹೊಡೆದಾಟ ಕಡಿಮೆ, ದುಃಖವೇ ಹೆಚ್ಚು. ನನಗೆ ಹಿಡಿಸಿದ್ದು ಆ ಭಾಗವೇ. ಅಣ್ಣನ ಮಗನಿಗೆ ಮಾತ್ರ ಕನ್ನಡಕ ಹಾಕಿಕೊಂಡ ಹಸಿರು ದೈತ್ಯ ಹಲ್ಕ್ ಬಂದ ಮೇಲೆಯೇ ಜೀವ ಬಂದಿತು. ಕಾಲಯಾನದ ಲೆಕ್ಕ ನನಗೂ ಬಿಡಿಸಲಾಗಲಿಲ್ಲ, ಬಿಟ್ಟುಬಿಟ್ಟೆ. ಕೊನೆಯ ಕಾಳಗ ದೊಡ್ಡ ಪರದೆಗೇ ಸರಿ. ಒಟ್ಟು 181 ನಿಮಿಷ, ಮೇಲೆ ವಿರಾಮ. ಮಧ್ಯಾಹ್ನದ ಆಟಕ್ಕೇ ಬನ್ನಿ. ರಾತ್ರಿಯಾದರೆ ಕಾಳಗದ ಹೊತ್ತಿಗೆ ಮಗ ನಿಮ್ಮ ತೊಡೆಯ ಮೇಲೆ ಮಲಗಿರುತ್ತಾನೆ.