ತಿಂಗಳೆಷ್ಟು ಅನ್ನೋದು ಆಮೇಲೆ, ಶಕೆ ಬದಲಾಯ್ಸೋರು ಯಾರು ಅಂತ ಮೊದ್ಲು ಹೇಳಿ

ಕಥೆಯ ಸಾಮ್ರಾಜ್ಯಕ್ಕೆ ಜಪಾನ್ ಥರದ ಪಂಚಾಂಗ ಮಾಡ್ತಿದ್ದೀನಿ, ವರ್ಷಕ್ಕೆ 12 ತಿಂಗಳಾ 13 ತಿಂಗಳಾ, ಒಬ್ಬ ಚಕ್ರವರ್ತಿಗೆ ಒಂದು ಶಕೆ (ಹೆಸರಿಟ್ಟ ಕಾಲಘಟ್ಟ, ಹೆಸರು ಬದಲಾದ್ರೆ ವರ್ಷದ ಎಣಿಕೆ ಮತ್ತೆ 1ರಿಂದ) ಇಟ್ರೆ ಸಾಕಾ ಅಂತ ಕೇಳಿದ್ದೀರಲ್ಲ, ನನ್ನ ಫ್ಯಾಂಟಸಿ ಧಾರಾವಾಹಿಗೆ ಜಪಾನ್ ಮಾದರಿ ಪಂಚಾಂಗ ಮಾಡೋಕೆ ಕೂತಾಗ ನಾನೂ ಅಲ್ಲಿಂದ್ಲೇ ಶುರು ಮಾಡಿದ್ದು. ತಿಂಗಳಿಗೆಲ್ಲ ಹೆಸರಿಟ್ಟೆ, ಹಬ್ಬ ಕೂರಿಸ್ದೆ, ಒಂದು ಕಥೆ ಆ್ಯಪಲ್ಲಿ ವಾರವಾರ ಹಾಕ್ತಾ ಹೋದೆ. ಕಥೆ ಅರ್ಧ ದಾಟಿದ ಮೇಲೆ ಓದುಗರೊಬ್ರು ಕಾಮೆಂಟ್ ಹಾಕಿದ್ರು, "ಮೇಡಂ, ಸೇನಾಪತಿ ಹುಟ್ಟಿದ್ದೂ ಸತ್ತಿದ್ದೂ ಒಂದೇ ಸಂವತ್ಸರ ಅಂತೀರ, ಅಂದ್ರೆ 60 ಆಯ್ತು, ಆದ್ರೆ ಸಾಯೋವಾಗ 72 ಅಂತ ಬರ್ದಿದ್ದೀರಲ್ಲ?"

ನಮ್ಮ ಪ್ರಭವ ವಿಭವದ ಥರ ಜಪಾನಲ್ಲೂ 60 ವರ್ಷದ ಚಕ್ರ ಇದೆ, ನಾನು ಅದನ್ನೂ ಹಾಕಿದ್ದೆ, ಅದಕ್ಕೇ ಸಿಕ್ಕಿಬಿದ್ದೆ. ಏನಾಗಿತ್ತು ಅಂದ್ರೆ, ಪ್ರತಿ ಶಕೆ ಎಷ್ಟು ವರ್ಷ ನಡೀತು ಅಂತ ಪಟ್ಟಿ ಮಾಡಿ ಸುಮ್ನೆ ಕೂಡಿಸ್ಕೊಂಡು ಹೋಗಿದ್ದೆ. ಹಾಗೆ ಕೂಡಿಸೋ ಹಾಗಿಲ್ಲ. ಶಕೆ ಬದಲಾದ ವರ್ಷ ಹಳೇ ಶಕೆಯ ಕೊನೇ ವರ್ಷನೂ ಹೌದು, ಹೊಸ ಶಕೆಯ ಮೊದಲ್ನೇ ವರ್ಷನೂ ಹೌದು. ನಿಜವಾದ ಜಪಾನನ್ನೇ ತಗೊಳ್ಳಿ: ಮೇಜಿ ಅನ್ನೋ ಶಕೆ 45ನೇ ವರ್ಷದ ತನಕ ಹೋಯ್ತು, ಆಮೇಲೆ ತೈಶೋ 15, ಶೋವಾ 64, ಹೇಸೇ 31. ಕೂಡಿಸಿದ್ರೆ 155. ಆದ್ರೆ ಮೇಜಿ ಶುರುವಾದ 1868ರಿಂದ ಹೇಸೇ ಮುಗಿದ 2019ರ ತನಕ, ಆ ಎರಡು ವರ್ಷನೂ ಸೇರಿಸಿ ಎಣಿಸಿದ್ರೆ ಬರೋದು 152. ಮಧ್ಯದಲ್ಲಿ ಮೂರು ಸಲ ಶಕೆ ಬದಲಾಯ್ತು, ಆ ಮೂರು ವರ್ಷ ಎರಡೆರಡು ಸಲ ಲೆಕ್ಕಕ್ಕೆ ಬಂತು. 1989ನೇ ತಗೊಳ್ಳಿ, ಜನವರಿ 7ರ ತನಕ ಶೋವಾ 64, ಮಾರನೇ ದಿನದಿಂದ ಹೇಸೇ 1, ಅಂದ್ರೆ ಶೋವಾ 64 ಅನ್ನೋ "ವರ್ಷ" ಇದ್ದಿದ್ದೇ ಏಳು ದಿನ! ನನ್ನ ಸೇನಾಪತಿಯ ಜೀವಮಾನದಲ್ಲಿ ಶಕೆ ಹನ್ನೆರಡು ಸಲ ಬದಲಾಗಿತ್ತು, ಅದಕ್ಕೆ ಸರಿಯಾಗಿ ಹನ್ನೆರಡು ವರ್ಷ ಜಾಸ್ತಿ. ಬರೀ ಅವನ ವಯಸ್ಸಾಗಿದ್ರೆ ತಿದ್ದಿ ಮುಂದೆ ಹೋಗ್ಬಹುದಿತ್ತು, ಆದ್ರೆ ಕಥಾನಾಯಕಿ ಅವನು ಯುದ್ಧದಿಂದ ವಾಪಸ್ ಬಂದ ಮೇಲೆ ಹುಟ್ಟಿದವಳು, ಲೆಕ್ಕ ಸರಿ ಮಾಡಿದ್ರೆ ಅವಳು ಯುದ್ಧ ಶುರುವಾಗೋ ಮುಂಚೇನೇ ಹುಟ್ಟಿರ್ಬೇಕು, ಅವಳ ಹುಟ್ಟಿನ ಗುಟ್ಟೇ ಇಡೀ ಕಥೆಯ ಬುಡ. ಹಾಕಿದ್ದ ಅಧ್ಯಾಯಗಳನ್ನೆಲ್ಲ ತೆಗೆದು ಮತ್ತೆ ಬರ್ದೆ, ಅಷ್ಟೊತ್ತಿಗೆ ಓದ್ತಿದ್ದೋರು ಮುಕ್ಕಾಲು ಪಾಲು ಹೋಗಿದ್ರು. ಅದು ಇವತ್ತಿಗೂ ನೋವೇ.

ಅದಕ್ಕೇ ಹೇಳ್ತೀನಿ, ಒಂದು ಎಕ್ಸೆಲ್ ಶೀಟ್ ಮಾಡಿ, ಮೊದಲ್ನೇ ಕಾಲಮಲ್ಲಿ ಎಲ್ಲೂ ಕಡಿಯದ ವರ್ಷದ ಸಂಖ್ಯೆ, ಅದು ನಿಮಗೆ ಮಾತ್ರ ಗೊತ್ತಿರ್ಲಿ, ಪಕ್ಕದಲ್ಲಿ ಶಕೆ, ಶಕೆಯ ವರ್ಷ. ಯಾರ ವಯಸ್ಸು ಬೇಕಾದ್ರೂ ಮೊದಲ್ನೇ ಕಾಲಮಿಂದ್ಲೇ ಕಳೀರಿ.

ಇನ್ನು "ಒಬ್ಬ ಚಕ್ರವರ್ತಿ, ಒಂದು ಶಕೆ" ಅನ್ನೋದನ್ನ ದಯವಿಟ್ಟು ಬಿಡಿ. ಅದು 1868ರಲ್ಲಿ ಬಂದ ನಿಯಮ, ಕತ್ತಿ ಕೋಟೆ ಕಾಲದ ಸಾಮ್ರಾಜ್ಯಕ್ಕೆ ಅದು ಹೊಂದಲ್ಲ. ಮೊದಲ್ನೇ ಶಕೆ ಬಂದಿದ್ದು 645ರಲ್ಲಿ, ಅಲ್ಲಿಂದ ಮೇಜಿ ತನಕ ಒಬ್ಬನೇ ಚಕ್ರವರ್ತಿಯ ಕಾಲದಲ್ಲೇ ಎಷ್ಟೋ ಸಲ ಬದಲಾಯ್ಸಿದ್ದಾರೆ. 650ರಲ್ಲಿ ಬಿಳಿ ಫೆಸೆಂಟ್ ಹಕ್ಕಿ ಸಿಕ್ತು, ಶುಭ ಶಕುನ ಅಂತ ಹೊಸ ಶಕೆ. 60ರ ಚಕ್ರದಲ್ಲಿ ಕೆಲವು ವರ್ಷ ಬಂದ್ರೆ ಅಪಾಯ ಅಂತ ಹೊಸ ಶಕೆ. 1850ರ ದಶಕದಲ್ಲಿ ಅಮೆರಿಕದ ಹಡಗು ಬಂತು, ಕ್ಯೋತೋ ಅರಮನೆಗೆ ಬೆಂಕಿ ಬಿತ್ತು, ಭೂಕಂಪ ಆಯ್ತು, ಇನ್ನಾದ್ರೂ ಶಾಂತಿ ಇರ್ಲಿ ಅಂತ ಅನ್ಸೇ ಅನ್ನೋ ಹೆಸರಿಟ್ರು, ವರ್ಷ ತುಂಬೋದ್ರೊಳಗೆ 1855ರಲ್ಲಿ ಎಡೋ (ಇವತ್ತಿನ ಟೋಕಿಯೋ) ನಗರನೇ ಭೂಕಂಪಕ್ಕೆ ನೆಲಕಚ್ತು. ಎಂಥಾ ಕಥೆ ಇದೆ ನೋಡಿ ಇದ್ರಲ್ಲಿ! 1336ರಿಂದ 1392ರ ತನಕ ಎರಡೆರಡು ಆಸ್ಥಾನ ಇತ್ತು, ಎರಡಕ್ಕೂ ಬೇರೆ ಬೇರೆ ಶಕೆ, ಪತ್ರದ ಮೇಲೆ ಯಾವ ಶಕೆ ಹಾಕಿದ್ದಾನೆ ಅಂತ ನೋಡಿದ್ರೆ ಯಾರ ಕಡೆಯವನು ಅಂತ ಗೊತ್ತಾಗ್ತಿತ್ತು. ನಮ್ಮಲ್ಲೂ 1076ರಲ್ಲಿ ಕಲ್ಯಾಣದ ಆರನೇ ವಿಕ್ರಮಾದಿತ್ಯ ಶಕ ವರ್ಷ ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದ, ಶಾಸನಗಳಲ್ಲಿ ಇದೆ.

12ಆ 13ಆ ಅಂದ್ರೆ ಎರಡೂ. ಅಲ್ಲಿನ ಹಳೇ ಪಂಚಾಂಗದಲ್ಲೂ ನಮ್ಮ ಹಾಗೇ ಎರಡು ಮೂರು ವರ್ಷಕ್ಕೊಂದು ಅಧಿಕ ಮಾಸ ಬರ್ತಿತ್ತು, ನಮ್ಮಲ್ಲಿ ಅಧಿಕ ಮೊದ್ಲು ನಿಜ ಆಮೇಲೆ, ಅಲ್ಲಿ ಮಾಮೂಲಿ ತಿಂಗಳು ಮುಗಿದ ಮೇಲೆ ಅಧಿಕ. 1872ರ ಕೊನೆಗೆ ಸರ್ಕಾರ ಹಳೇದನ್ನ ಬಿಟ್ಟು ಹೊಸ ಕ್ಯಾಲೆಂಡರ್ ತಂದಾಗ ಹನ್ನೆರಡನೇ ತಿಂಗಳು ಎರಡೇ ದಿನಕ್ಕೆ ಮುಗಿದು ಮಾರನೇ ದಿನ 1873ರ ಜನವರಿ 1 ಆಯ್ತು. ಮುಂದಿನ ವರ್ಷ ಅಧಿಕ ಮಾಸ ಬರೋದಿತ್ತು, ನೌಕರರಿಗೆ ಹದಿಮೂರನೇ ತಿಂಗಳ ಸಂಬಳ ಕೊಡೋದೂ ತಪ್ತು.

ಹಾಗಾಗಿ ತಿಂಗಳ ಹೆಸರು ಕೊನೆಗಿರ್ಲಿ. ರಾಜಧಾನೀಲಿ ಶಕೆ ಬದಲಾದ ಸುದ್ದಿ ಗಡೀಗೆ ಮುಟ್ಟೋಕೆ ಎಷ್ಟು ದಿನ ಬೇಕು, ಅಲ್ಲೀ ತನಕ ಗಡಿಯ ಗುಮಾಸ್ತ ಯಾವ ತಾರೀಖು ಬರೀತಾನೆ, ಇದನ್ನ ಮೊದ್ಲು ಬರ್ದಿಡಿ. ಶಕೆಗಳ ಪಟ್ಟಿ ರೆಡಿ ಆದ್ರೆ ಇಲ್ಲೇ ಹಾಕಿ, ವರ್ಷದ ಲೆಕ್ಕ ನಾನು ನೋಡಿ ಕೊಡ್ತೀನಿ.