ಆ ಅಡ್ಡಗೆರೆ ಯಾಕೆ ಬಿತ್ತು?

ಓದುಗರ ಪತ್ರ:

ಕಳೆದ ಸಂಚಿಕೆಯ ಕೊನೇ ಪುಟದಲ್ಲಿ 'ಧರ್ಮಗಳು, ಸ್ಥಾಪಕರು' ಎಂದು ಒಂದು ಪಟ್ಟಿ ಹಾಕಿದ್ದೀರಿ. ಬೌದ್ಧಕ್ಕೆ ಬುದ್ಧ, ಜೈನಕ್ಕೆ ಮಹಾವೀರ, ಕ್ರೈಸ್ತಕ್ಕೆ ಯೇಸು, ಇಸ್ಲಾಮಿಗೆ ಮುಹಮ್ಮದ್, ಸಿಖ್ಖರಿಗೆ ಗುರುನಾನಕ್, ಲಿಂಗಾಯತಕ್ಕೆ ಬಸವಣ್ಣ. ಹಿಂದೂ ಎಂಬ ಸಾಲಿನ ಎದುರು ಮಾತ್ರ ಒಂದು ಅಡ್ಡಗೆರೆ. ರಜೆಗೆ ಬಂದಿದ್ದ ಮೊಮ್ಮಗಳು ಶಾಲೆಯ ಕ್ವಿಜ್‌ಗೆಂದು ಅದನ್ನು ಉರುಹೊಡೆಯುತ್ತಾ, 'ನಮ್ಮದಕ್ಕೆ ಯಾರೂ ಇಲ್ವಾ? ಕೊಡವರದ್ದು ಪಟ್ಟಿಯಲ್ಲೇ ಇಲ್ವಲ್ಲ' ಎಂದಳು. ಇಷ್ಟು ವರ್ಷ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. ಶಂಕರಾಚಾರ್ಯರ ಹೆಸರಾದರೂ ಹಾಕಬಹುದಿತ್ತಲ್ಲ? ಆ ಗೆರೆ ಯಾಕೆ ಎಳೆದಿರಿ, ಹೇಳಿ.
ನಿವೃತ್ತ ಶಿಕ್ಷಕಿ, ನಾಪೋಕ್ಲು

ಸಂಪಾದಕರ ಉತ್ತರ:

ಟೀಚರ್, ನಮಸ್ಕಾರ.

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಆ ಗೆರೆಯ ಹಿಂದೆ ದೊಡ್ಡ ಯೋಚನೆಯೇನೂ ಇರಲಿಲ್ಲ. ಬರಬೇಕಿದ್ದ ಜಾಹೀರಾತು ಕೈಕೊಟ್ಟಿತು, ಪುಟ ಪ್ರೆಸ್ಸಿಗೆ ಹೋಗುವ ಹೊತ್ತು, ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿ. ನಾನೇ ಕೂತು ಹತ್ತು ನಿಮಿಷದಲ್ಲಿ ಪಟ್ಟಿ ಮಾಡಿ ತುಂಬಿಸಿದೆ. ಹಿಂದೂ ಎಂಬುದರ ಮುಂದೆ ಏನು ಬರೆಯುವುದೆಂದು ತೋಚದೆ ಗೆರೆ ಎಳೆದೆ. ಕೊಡವರ ಸಾಲಂತೂ ನೆನಪಿಗೇ ಬರಲಿಲ್ಲ. ಮಡಿಕೇರಿಯಲ್ಲಿ ಕೂತು ಪತ್ರಿಕೆ ಮಾಡುವವನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೇನು ಬೇಕು?

ನಿಮ್ಮ ಪತ್ರ ಓದಿ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಆಗ ಗೊತ್ತಾದದ್ದು ಇದು: ಗೆರೆ ಎಳೆದ ಸಾಲು ಇದ್ದುದರಲ್ಲಿ ಸರಿಯಾಗಿದೆ, ಹೆಸರು ಬರೆದ ಸಾಲುಗಳೇ ಅನುಮಾನದ್ದು.

ಜೈನರ ಸಾಲನ್ನೇ ತೆಗೆದುಕೊಳ್ಳಿ. ಶನಿವಾರಸಂತೆ ಹತ್ತಿರದ ಮುಳ್ಳೂರಿಗೆ ನೀವು ಹೋಗಿರಬಹುದು. ಅಲ್ಲಿ ಕಲ್ಲಿನ ಮೂರು ಬಸದಿಗಳಿವೆ. ಕೊಂಗಾಳ್ವ ಅರಸರ ಕಾಲದ್ದು, ಅಂದರೆ 11ನೇ ಶತಮಾನದ ಮಾತು. ಒಂದು ಪಾರ್ಶ್ವನಾಥನದು, ಒಂದು ಶಾಂತಿನಾಥನದು, ಒಂದು ಚಂದ್ರನಾಥನದು. ನಾನು ಪಟ್ಟಿಯಲ್ಲಿ 'ಸ್ಥಾಪಕ' ಎಂದು ಬರೆದ ಮಹಾವೀರನಿಗೆ ಅಲ್ಲಿ ಪ್ರತ್ಯೇಕ ಬಸದಿಯೇ ಇಲ್ಲ. ಜೈನರ ಲೆಕ್ಕದಲ್ಲಿ ಮಹಾವೀರ 24ನೆಯ ತೀರ್ಥಂಕರ, ಈ ಕಾಲಚಕ್ರದ ಕೊನೆಯವನು. ಮೊದಲನೆಯವನು ಋಷಭನಾಥ. ಪಾರ್ಶ್ವನಾಥ 23ನೆಯವನು, ಶಾಂತಿನಾಥ 16, ಚಂದ್ರನಾಥ 8. ಸಾಲಿನ ತುದಿಯಲ್ಲಿ ನಿಂತವನನ್ನು ಹಿಡಿದು 'ಇವನೇ ಶುರುಮಾಡಿದ್ದು' ಎಂದು ನಾನು ಬರೆದಿದ್ದೆ. ಮುಳ್ಳೂರಿನ ಶಾಸನಗಳಲ್ಲಿ ಗುಣಸೇನ ಪಂಡಿತ ಎಂಬ ಗುರುವಿನ ಹೆಸರು ಬರುತ್ತದೆ. ಆ ಊರಿನವರಿಗೆ ಧರ್ಮ ಬಂದದ್ದು ಅವನ ಬಾಯಿಂದ. ಅವನ ಹೆಸರು ಯಾವ ಕ್ವಿಜ್‌ನಲ್ಲೂ ಬರುವುದಿಲ್ಲ ಬಿಡಿ.

ಸಹಕಾರ ಸಂಘಕ್ಕೆ ಸ್ಥಾಪಕ ಅಧ್ಯಕ್ಷರಿರುತ್ತಾರೆ, ಹಾಕಿ ಕ್ಲಬ್ಬಿಗೂ ಇರುತ್ತಾರೆ. ಇಂಥ ದಿನ ಸಭೆ ಸೇರಿತು, ಇಂಥವರು ಸೂಚಿಸಿದರು, ಇಂಥವರು ಅನುಮೋದಿಸಿದರು ಎಂದು ನಡಾವಳಿ ಪುಸ್ತಕದಲ್ಲಿರುತ್ತದೆ. ಅದೇ ಮಾತನ್ನು ಎತ್ತಿ ಧರ್ಮದ ತಲೆಗೆ ಕಟ್ಟಿದರೆ ಎಡವಟ್ಟಾಗುತ್ತದೆ. ಯಾರನ್ನು ನಾವು ಸ್ಥಾಪಕರು ಎನ್ನುತ್ತೇವೋ ಅವರಲ್ಲಿ ಬಹಳ ಮಂದಿ, ಹೊಸದೇನೂ ಹೇಳುತ್ತಿಲ್ಲ ಎಂದೇ ಹೇಳಿಕೊಂಡು ಬಂದವರು. ಚೀನಾದ ಕನ್‌ಫ್ಯೂಷಿಯಸ್ ಬಾಯಿಬಿಟ್ಟೇ ಹೇಳಿದ್ದಾನೆ, ಹಿಂದಿನವರದ್ದನ್ನು ದಾಟಿಸುತ್ತೇನಷ್ಟೆ, ಹೊಸದಾಗಿ ಏನನ್ನೂ ಹುಟ್ಟಿಸುತ್ತಿಲ್ಲ ಎಂದು.

ಬುದ್ಧನದ್ದು ನಮ್ಮ ಕಡೆಯವರಿಗೆ ಚೆನ್ನಾಗಿ ಹಿಡಿಸುವ ಹೋಲಿಕೆ. ಪಾಲಿ ಭಾಷೆಯ ಸುತ್ತವೊಂದರಲ್ಲಿ, ಅಂದರೆ ಬುದ್ಧನ ಉಪದೇಶದ ಪಾಠವೊಂದರಲ್ಲಿ ಬರುತ್ತದೆ: ಕಾಡಿನಲ್ಲಿ ಹೋಗುತ್ತಿದ್ದ ಒಬ್ಬನಿಗೆ ಹಿಂದಿನ ಕಾಲದವರು ನಡೆದಾಡಿದ ಒಂದು ಹಳೇ ದಾರಿ ಸಿಗುತ್ತದೆ. ಅದನ್ನೇ ಹಿಡಿದು ಹೋದರೆ ಹಳೇ ಪಟ್ಟಣ. ತೋಟ, ಕೆರೆ, ಕೋಟೆಗೋಡೆ ಎಲ್ಲಾ ಇದೆ. ಅವನು ಬಂದು ರಾಜನಿಗೆ ಹೇಳುತ್ತಾನೆ, ಆ ಊರನ್ನು ಮತ್ತೆ ಕಟ್ಟಿಸಿ ಎಂದು. ನಾನು ಕಂಡದ್ದೂ ಅಂಥ ಹಳೇ ದಾರಿಯನ್ನೇ ಎನ್ನುತ್ತಾನೆ ಬುದ್ಧ. ಕಾಡು ಸವರುವಾಗ ಹಳೇ ಕಟ್ಟೆ, ಮುರಿದ ಕಲ್ಲು ಸಿಕ್ಕಿದವರು ಕೊಡಗಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನಗಿಂತ ಹಿಂದೆಯೂ ಬುದ್ಧರಿದ್ದರು ಎಂಬುದು ಅವನ ಮಾತು. ಅಶೋಕ ನೇಪಾಳದ ತರಾಯಿಯಲ್ಲಿ ನಿಲ್ಲಿಸಿದ ಕಂಬವೊಂದರ ಶಾಸನದಲ್ಲಿ, ಹಿಂದಿನ ಬುದ್ಧನಾದ ಕನಕಮುನಿಯ ಸ್ತೂಪವನ್ನು ತಾನು ಎರಡು ಪಟ್ಟು ದೊಡ್ಡದು ಮಾಡಿಸಿದ್ದಾಗಿ ಇದೆ. ಅಂದರೆ ಆಗಿನ ಚಕ್ರವರ್ತಿಯೂ 'ಸ್ಥಾಪಕ' ಒಬ್ಬನೇ ಎಂದುಕೊಂಡಿರಲಿಲ್ಲ. ಸಾಯುವ ಮುಂಚೆ ಬುದ್ಧ ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ. ನಾನು ಹೇಳಿದ ಧರ್ಮ, ವಿನಯ (ಭಿಕ್ಷುಗಳ ನಡಾವಳಿಯ ನಿಯಮ) ಇವೇ ಮುಂದೆ ನಿಮಗೆ ಗುರು ಎಂದ. ಅವನು ಹೋದ ಮೇಲೆ ರಾಜಗೃಹದಲ್ಲಿ ಭಿಕ್ಷುಗಳು ಸೇರಿದರು, ಹತ್ತಿರದಲ್ಲಿದ್ದ ಆನಂದ ತಾನು ಕೇಳಿದ್ದನ್ನೆಲ್ಲ ನೆನಪಿನಿಂದ ಹೇಳಿದ ಎನ್ನುತ್ತದೆ ಪರಂಪರೆ. ಸುತ್ತಗಳು ಬಹುಪಾಲು 'ನಾನು ಹೀಗೆ ಕೇಳಿದ್ದೇನೆ' ಎಂದೇ ಶುರುವಾಗುವುದು.

ಕುಶಾಲನಗರ ದಾಟಿ ಟಿಬೆಟಿನವರ ಮಠವಿರುವ ಬೈಲುಕುಪ್ಪೆಗೆ ಮೊಮ್ಮಗಳನ್ನು ಕರೆದುಕೊಂಡು ಹೋದರೆ ಈ ವಿಷಯ ಕಣ್ಣಿಗೇ ಕಾಣುತ್ತದೆ. (ಅದು ಮೈಸೂರು ಜಿಲ್ಲೆ ಎಂದು ನಮ್ಮ ಓದುಗರು ತಿದ್ದುವ ಮುಂಚೆ ನಾನೇ ಹೇಳಿಬಿಡುತ್ತೇನೆ.) ಸ್ವರ್ಣಮಂದಿರದೊಳಗೆ ಮೂರು ಎತ್ತರದ ಚಿನ್ನದ ಬಣ್ಣದ ಮೂರ್ತಿಗಳಿವೆ. ನಡುವೆ ಶಾಕ್ಯಮುನಿ ಬುದ್ಧ, ಆಚೀಚೆ ಪದ್ಮಸಂಭವ ಮತ್ತು ಅಮಿತಾಯುಸ್. ನಮ್ಮವರು ಮೂರನ್ನೂ 'ಬುದ್ಧ' ಎಂದೇ ಕೈಮುಗಿದು ಫೋಟೊ ತೆಗೆಸಿಕೊಂಡು ಬರುತ್ತಾರೆ. ಪದ್ಮಸಂಭವ 8ನೇ ಶತಮಾನದಲ್ಲಿ ತ್ರಿಸೊಂಗ್ ದೆತ್ಸೆನ್ ಎಂಬ ಅರಸನ ಕರೆಯ ಮೇಲೆ ಟಿಬೆಟ್‌ಗೆ ಹೋದ ಗುರು. ಟಿಬೆಟಿನವರಿಗೆ ಅವನು ಗುರು ರಿನ್‌ಪೋಚೆ, ಎರಡನೆಯ ಬುದ್ಧ. ಅವನ ಮೂರ್ತಿಗೆ ಸಣ್ಣ ಮೀಸೆಯೂ ಇದೆ, ಗುರುತು ಹಿಡಿಯಲು ಅದು ಸಾಕು. ಇನ್ನು ಆ ಮಠವನ್ನು 1963ರಲ್ಲಿ ಇಲ್ಲಿ ಶುರುಮಾಡಿದವರು ಪೆನೋರ್ ರಿನ್‌ಪೋಚೆ. ಮೊದಲ ಗುಡಿ ಬಿದಿರಿನದು, ಸುಮಾರು 80 ಚದರ ಅಡಿ. ನಮ್ಮ ಸಂತೆಯ ಒಂದು ಅಂಗಡಿಯಷ್ಟು. ಈಗ ಹೇಳಿ, ಬೈಲುಕುಪ್ಪೆಯ ಬೌದ್ಧಕ್ಕೆ ಸ್ಥಾಪಕ ಯಾರು? ಬುದ್ಧ, ಪದ್ಮಸಂಭವ, ಪೆನೋರ್ ಮೂವರೂ ಹೌದು. ಪಟ್ಟಿಯಲ್ಲಿ ಒಬ್ಬನಿಗಷ್ಟೇ ಜಾಗ.

ಯೇಸುವಿನ ಸಾಲಿಗೆ ಬನ್ನಿ. ಯೇಸು ಯಹೂದಿಯಾಗಿ ಹುಟ್ಟಿ, ಯಹೂದಿಯಾಗಿಯೇ ಬೋಧಿಸಿ, ಯಹೂದಿಯಾಗಿಯೇ ಶಿಲುಬೆಗೇರಿದವನು. 'ಕ್ರೈಸ್ತರು' ಎಂಬ ಹೆಸರು ಶಿಷ್ಯರಿಗೆ ಮೊದಲು ಬಿದ್ದದ್ದು ಅವನು ಹೋದ ಮೇಲೆ, ಅಂತಿಯೋಕ್ಯದಲ್ಲಿ. ಈಗ ಅದು ತುರ್ಕಿಯಲ್ಲಿದೆ. ಮಾತನ್ನು ಯಹೂದಿಯರಲ್ಲದ ಜನರ ನಡುವೆ ಊರೂರಿಗೆ ಒಯ್ದವರಲ್ಲಿ ದೊಡ್ಡ ಹೆಸರು ಪೌಲನದು. ಯೇಸು ಬೋಧಿಸುತ್ತಾ ತಿರುಗಾಡಿದ ದಿನಗಳಲ್ಲಿ ಅವನ ಶಿಷ್ಯನಾಗಿದ್ದವನಲ್ಲ ಈತ. ಮೊದಮೊದಲು ಈ ಪಂಗಡದವರನ್ನು ಅಟ್ಟಿಸಿಕೊಂಡು ಹೋಗಿ ಹಿಡಿಸುತ್ತಿದ್ದವನೇ. ಹೊಸ ಒಡಂಬಡಿಕೆಯಲ್ಲಿ ನಮಗೆ ಸಿಗುವ ತೀರಾ ಹಳೇ ಬರಹಗಳು ಸುವಾರ್ತೆಗಳಲ್ಲ, ಪೌಲನ ಪತ್ರಗಳು. ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯುವ ನನ್ನಂಥ ಸಂಪಾದಕರಿಗೆ ಅವನು ಕುಲಗುರು. ಕೊಡಗಿಗೇ ಬಂದರೆ, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಕಥೆ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಜಾಗ ಕೊಟ್ಟವನು ಲಿಂಗಾಯತ ಅರಸ ದೊಡ್ಡ ವೀರರಾಜೇಂದ್ರ.

ಇಸ್ಲಾಮಿನ ಸಾಲಿನ ಬಗ್ಗೆ ನಿಮ್ಮ ಊರಿನಿಂದ ಕೂಗಳತೆಯ ಎಮ್ಮೆಮಾಡಿನವರು ಯಾರಾದರೂ ನನಗೆ ಬರೆಯಬೇಕಿತ್ತು. ಬರೆದಿಲ್ಲ, ದೊಡ್ಡ ಮನಸ್ಸು. ಪ್ರವಾದಿ ಮುಹಮ್ಮದರನ್ನು ಮುಸ್ಲಿಮರು ಸ್ಥಾಪಕರೆಂದು ಕರೆಯುವುದಿಲ್ಲ. ಅವರ ನಂಬಿಕೆಯಲ್ಲಿ ಮೊದಲ ಪ್ರವಾದಿ ಆದಮ್, ಆಮೇಲೆ ಇಬ್ರಾಹಿಂ, ಮೂಸಾ, ಈಸಾ, ಮುಹಮ್ಮದರು ಕೊನೆಯವರು. ಇನ್ನೂ ಒಂದು ಗಮನಿಸಿ: ಹಿಜರಿ ಶಕೆ ಎಣಿಸುವುದು ಪ್ರವಾದಿಗಳು ಹುಟ್ಟಿದ ವರ್ಷದಿಂದಲೂ ಅಲ್ಲ, ಅವರಿಗೆ ಮೊದಲ ವಾಣಿ ಇಳಿದ ವರ್ಷದಿಂದಲೂ ಅಲ್ಲ. ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ 622ರಿಂದ. ಹಾಗೆಂದು ನಿಗದಿ ಮಾಡಿದ್ದು ಎರಡನೇ ಖಲೀಫ ಉಮರ್. ಎಮ್ಮೆಮಾಡಿನ ಉರೂಸಿಗೆ ನೀವೂ ಹೋಗಿರುತ್ತೀರಿ. ಅಲ್ಲಿಗೆ ಎಲ್ಲಾ ಜಾತಿಯವರೂ ಹರಕೆ ಹೊತ್ತು ಬರುವುದು ಸೂಫಿ ಶಹೀದರ ಗೋರಿಗೆ.

ನನ್ನ ಪಟ್ಟಿಗೆ ಸರಿಯಾಗಿ ಹೊಂದುವವರು ಇಬ್ಬರೋ ಮೂವರೋ. ಗುರುನಾನಕ್ (1469–1539) ಒಬ್ಬರು. ಅವರು ಗುರುಪೀಠವನ್ನು ತಮ್ಮ ಗಂಡುಮಕ್ಕಳಿಗೆ ಬಿಟ್ಟು ಶಿಷ್ಯ ಅಂಗದರಿಗೆ ಕೊಟ್ಟರು. ಅಲ್ಲಿಯೂ ಮುಂದೆ ಒಂಬತ್ತು ಗುರುಗಳು ಬಂದ ಮೇಲೆ ಈಗ ನಾವು ಕಾಣುವ ಸಿಖ್ಖರಾದದ್ದು. ದೀಕ್ಷೆ ಪಡೆದ ಸಿಖ್ಖರ ಬಳಗವಾದ ಖಾಲ್ಸಾ ಆದದ್ದು 1699ರಲ್ಲಿ, ಗುರು ಗೋವಿಂದ ಸಿಂಗರಿಂದ. ಬಹಾಯಿಗಳ ಬಹಾವುಲ್ಲಾ (1817–1892) ಇನ್ನೊಬ್ಬರು, ಅವರಿಗೂ ಮುಂಚೆ ದಾರಿ ಮಾಡಿಕೊಟ್ಟ 'ಬಾಬ್' ಇದ್ದರು.

ಬಸವಣ್ಣನವರ ಸಾಲಿಗೆ ಬೇರೆ ಮೂರು ಪತ್ರ ಬಂದಿವೆ. ಎರಡರಲ್ಲಿ 'ಸರಿ' ಎಂದಿದ್ದಾರೆ, ಒಂದರಲ್ಲಿ 'ಪಂಚಾಚಾರ್ಯರನ್ನು ಎಲ್ಲಿ ಬಿಟ್ಟಿರಿ' ಎಂದು ಬೈದಿದ್ದಾರೆ. ವೀರಶೈವರಲ್ಲಿ ಕೆಲವರು ಮೂಲಗುರುಗಳೆನ್ನುವುದು ಆ ಐವರನ್ನು. ಆ ಜಗಳ ಈ ಪುಟದಲ್ಲಿ ಮುಗಿಯುವಂಥದ್ದಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ನಡೆದದ್ದು ಬಸವಣ್ಣನವರಿಲ್ಲದೆ ನಡೆಯುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಶೂನ್ಯಸಿಂಹಾಸನದ ಮೇಲೆ ಕೂತವರು ಅಲ್ಲಮಪ್ರಭು. ಭಕ್ತನು ಏರಬೇಕಾದ ಆರು ಮೆಟ್ಟಿಲುಗಳಾದ ಷಟ್‌ಸ್ಥಲವನ್ನು ಶಾಸ್ತ್ರವಾಗಿ ಜೋಡಿಸಿದವರು ಸೋದರಳಿಯ ಚೆನ್ನಬಸವಣ್ಣ. 'ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ' ಎಂದ ಮನುಷ್ಯನ ಹೆಸರಿನ ಪಕ್ಕ 'ಸ್ಥಾಪಕ' ಎಂದು ಅಚ್ಚು ಹಾಕಿಸುವಾಗ ನನ್ನ ಕೈ ಒಂದು ಕ್ಷಣ ತಡೆಯಬೇಕಿತ್ತು.

ಶಂಕರಾಚಾರ್ಯರನ್ನು ಯಾಕೆ ಹಾಕಲಿಲ್ಲ ಎಂದಿರಿ. ಅವರು ಬರೆದದ್ದು ಭಾಷ್ಯ, ಅಂದರೆ ಉಪನಿಷತ್ತು, ಗೀತೆ, ಬ್ರಹ್ಮಸೂತ್ರ ಮೊದಲೇ ಇದ್ದವು. ಅವರಿಗೆ ಗುರು ಗೋವಿಂದ ಭಗವತ್ಪಾದರು, ಅವರಿಗೂ ಹಿಂದೆ ಗೌಡಪಾದರು. ಪ್ರಭಾವ ಎಂದರೆ ಪ್ರಭಾವವೇ, ಅನುಮಾನ ಬೇಡ. ಆದರೆ ಅವರೊಬ್ಬರನ್ನೇ ಹಾಕಿದರೆ ಮೇಲುಕೋಟೆಯವರು ರಾಮಾನುಜರು ಎಲ್ಲಿ ಎನ್ನುತ್ತಾರೆ, ಉಡುಪಿಯವರು ಮಧ್ವರು ಎಲ್ಲಿ ಎನ್ನುತ್ತಾರೆ. ಅದೂ ಅಲ್ಲದೆ ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ದಿನ ತೀರ್ಥೋದ್ಭವಕ್ಕೆ ಕಾದು ನಿಂತವರನ್ನು 'ನಿಮ್ಮ ಧರ್ಮ ಸ್ಥಾಪಿಸಿದ್ದು ಯಾರು' ಎಂದು ಕೇಳಿ ನೋಡಿ. 'ಕಾವೇರಮ್ಮ' ಎಂದಾರೇ ಹೊರತು ಯಾವ ಆಚಾರ್ಯರ ಹೆಸರೂ ಬರಲಾರದು.

ಇನ್ನು ಮೊಮ್ಮಗಳ ಪ್ರಶ್ನೆ. ಕೊಡವರದ್ದು ಹಿಂದೂ ಧರ್ಮದೊಳಗೋ ಹೊರಗೋ ಎಂಬ ಚರ್ಚೆ ಇದ್ದೇ ಇದೆ. ನಾನು ಅದರಲ್ಲಿ ಕೈಹಾಕುವುದಿಲ್ಲ. ಅವಳು ಕೇಳಿದ್ದು ಅದಕ್ಕಿಂತ ನೇರವಾದ ಪ್ರಶ್ನೆ, ನಮ್ಮದಕ್ಕೆ ಯಾರೂ ಇಲ್ವಾ ಎಂದು.

ನಾನು ಕೊಡವನಲ್ಲ. ಆದರೆ ಕೊಡವರ ಸುಗ್ಗಿ ಹಬ್ಬ ಪುತ್ತರಿಗೆ ಸ್ನೇಹಿತನ ಐನ್‌ಮನೆಗೆ, ಅಂದರೆ ಅವರ ಕುಲದ ಹಿರಿಮನೆಗೆ, ವರ್ಷಾ ಹೋಗುತ್ತೇನೆ. ರಾತ್ರಿ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ಎಲ್ಲರೂ ಸೇರಿ ತೂಗುದೀಪಕ್ಕೆ ನಮಸ್ಕಾರ ಮಾಡಿ ಗದ್ದೆಗೆ ಹೊರಡುತ್ತಾರೆ. ಕೋವಿ ಹಾರಿಸಿ, ಕದಿರು ಕೊಯ್ದು, 'ಪೊಲಿ ಪೊಲಿ ದೇವಾ' ಎಂದು ಕೂಗುತ್ತಾ ವಾಪಸು ಅದೇ ದೀಪದ ಮುಂದಕ್ಕೆ ಬರುತ್ತಾರೆ. ನಡುವೆ ಪುರೋಹಿತರಿಲ್ಲ, ಪುಸ್ತಕವಿಲ್ಲ. ಮದುವೆಯಲ್ಲೂ ಅಷ್ಟೆ, ದೀಪದ ಮುಂದೆ ಹಿರಿಯರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಹರಸುತ್ತಾರೆ. ಒಮ್ಮೆ ಬೆಳಿಗ್ಗೆ ಸ್ನೇಹಿತ ನನ್ನನ್ನು ಮನೆಯ ಪಕ್ಕದ ಕೈಮಡಕ್ಕೆ ಕರೆದುಕೊಂಡು ಹೋದ. ಹೆಂಚಿನ ಸಣ್ಣ ಗುಡಿ, ಒಳಗೆ ಎಣ್ಣೆಮಸಿ ಹಿಡಿದ ಕಲ್ಲು. 'ನಮ್ಮ ಗುರು ಕಾರೋಣ' ಎಂದ. ಒಕ್ಕದ, ಅಂದರೆ ಅವರ ಕುಲದ ಮೂಲಪುರುಷ. ವರ್ಷಕ್ಕೊಮ್ಮೆ ಅವನಿಗೆ ಅನ್ನ, ಮಾಂಸ, ಮದ್ಯ ಇಟ್ಟು ಕೈಮುಗಿಯುತ್ತಾರೆ. ಹೆಸರೇನು ಎಂದು ಕೇಳಿದೆ, ಪತ್ರಕರ್ತನ ಚಟ. 'ಹೆಸರು ಯಾರಿಗೂ ಗೊತ್ತಿಲ್ಲ. ಕಾರೋಣ ಅಂತಲೇ' ಎಂದು ನಕ್ಕ.

ಹಾಗಾಗಿ ಕೊಡವರ ಸಾಲಿನಲ್ಲಿ ಗೆರೆ ಎಳೆಯಬೇಕಾದರೂ ಅದು ಯಾರೂ ಇಲ್ಲ ಎಂಬ ಗೆರೆಯಾಗುವುದಿಲ್ಲ. ಒಕ್ಕಕ್ಕೊಬ್ಬರಂತೆ ಅಷ್ಟೂ ಮಂದಿಯನ್ನು ನನ್ನ ಅಂಗೈಯಗಲ ಜಾಗದಲ್ಲಿ ಹಿಡಿಸಲಿಕ್ಕಾಗಲಿಲ್ಲ ಎಂದು ಅವಳಿಗೆ ಹೇಳಿ. 'ಗ್ರಂಥ ಯಾವುದು' ಎಂದು ಕೇಳಿದರೆ ಅದಕ್ಕೂ ಒಂದು ಹೆಸರು ಇಟ್ಟುಕೊಂಡಿರಿ: ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಅಚ್ಚು ಹಾಕಿಸಿದವರು ನಡಿಕೇರಿಯಂಡ ಚಿಣ್ಣಪ್ಪ. ಅವರೂ ಇದು ನನ್ನದು ಎನ್ನಲಿಲ್ಲ, ಹಾಡುವವರಿಂದ ಕೇಳಿ ಬರೆದುಕೊಂಡರು.

ಈ ಸಂಚಿಕೆಯ ಕೊನೇ ಪುಟದಲ್ಲಿ ಪಟ್ಟಿಯನ್ನು ಮತ್ತೆ ಹಾಕಿದ್ದೇನೆ, ಈ ಸಲ ಅರ್ಧ ಪುಟ. 'ಸ್ಥಾಪಕರು' ಎಂಬ ತಲೆಬರಹ ತೆಗೆದು 'ಯಾರನ್ನು ನೆನೆಯುತ್ತಾರೆ' ಎಂದು ಬರೆದಿದ್ದೇನೆ. ಒಂದೊಂದು ಸಾಲಿನಲ್ಲಿ ಮೂರು ನಾಲ್ಕು ಹೆಸರುಗಳಿವೆ.

ಕ್ವಿಜ್‌ನಲ್ಲಿ ಮಾತ್ರ 'ಜೈನಧರ್ಮದ ಸ್ಥಾಪಕ ಯಾರು' ಎಂದು ಕೇಳಿದರೆ ಮಹಾವೀರ ಎಂದೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಪುತ್ತರಿಗೆ ಬಂದಾಗ ಮುಳ್ಳೂರಿಗೆ ಕರೆದುಕೊಂಡು ಹೋಗಿ. ಅಷ್ಟರಲ್ಲಿ ಮಳೆಯೂ ನಿಂತಿರುತ್ತದೆ. ಮೂರು ಬಸದಿಯಲ್ಲಿ ಯಾವುದು ಯಾರದ್ದೆಂದು ಅವಳೇ ಗುರುತು ಮಾಡಲಿ. ಪಾರ್ಶ್ವನಾಥನ ತಲೆಯ ಮೇಲೆ ಹಾವಿನ ಹೆಡೆ ಇರುತ್ತದೆ, ಅಲ್ಲಿಂದ ಶುರುಮಾಡಿದರೆ ಸುಲಭ.